ಅಟ್ಟದ ಮೇಲಿನ ಹಳೆ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಮುನ್ನ

ದಸರಾ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದಿಂದ ಏನೇನೋ ಕೆಳಗಿಳಿಯುತ್ತದೆ. ಬೆಳಗಾವಿಯ ಟಿಳಕವಾಡಿಯ ಹಳೆ ಮನೆಗಳಲ್ಲಿ, ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಅಂಗಡಿ ಮಹಡಿಗಳಲ್ಲಿ, ಬಾಗಲಕೋಟೆಯ ನವನಗರಕ್ಕೆ ಸಾಮಾನು ಸಾಗಿಸಿದಾಗ ಕಟ್ಟಿ ಇನ್ನೂ ಬಿಚ್ಚದ ಪೆಟ್ಟಿಗೆಗಳಲ್ಲಿ ಒಂದೊಂದು ಸಲ ಹಳೆ ಕಂಪ್ಯೂಟರ್ ಸಿಗುತ್ತದೆ. ಹಿಂದೆಲ್ಲ ಅದು ನೇರವಾಗಿ ಗುಜರಿಗೆ ಹೋಗುತ್ತಿತ್ತು. ಈಗ ಹಾಗಿಲ್ಲ. ಈ ಯಂತ್ರಗಳ ಮೇಲೆ ಜನರಿಗೆ ಮತ್ತೆ ಆಸೆ ಹುಟ್ಟಿದೆ. 1982ರ ಸ್ಪೆಕ್ಟ್ರಂ ಕಂಪ್ಯೂಟರಿನ ಹೊಸ ರೂಪ 2024ರಲ್ಲಿ ಮಾರುಕಟ್ಟೆಗೆ ಬಂತು. ಕಮೊಡೋರ್ 64ರ ಹೊಸ ಆವೃತ್ತಿಯನ್ನು 2025ರಲ್ಲಿ ಘೋಷಿಸಿದರು. ಹಾಗಾಗಿ ಮನೆಯಲ್ಲೇ ಇರುವ ಅಸಲಿ ಯಂತ್ರ ನಡೆಯುತ್ತದೆಯೇ ಎಂದು ನೋಡುವ ಕುತೂಹಲ ಸಹಜ.

ತೊಂದರೆ ಆಗುವುದು ಅಲ್ಲೇ. ಧೂಳು ಒರೆಸಿ ಸುಮ್ನೆ ಪ್ಲಗ್ ಚುಚ್ಚಿ ಸ್ವಿಚ್ ಒತ್ತಿಬಿಡುತ್ತೇವೆ. ಮೂವತ್ತು ವರ್ಷ ಮಲಗಿದ್ದ ಯಂತ್ರ ಆ ಒಂದು ಕ್ಷಣದಲ್ಲಿ ನಿಜವಾಗಿ ಸುಟ್ಟುಹೋಗಬಹುದು. ಅದರ ಮುಖ್ಯ ಚಿಪ್‌ಗಳು ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿಯೇ ಇರುತ್ತವೆ. ಕೆಟ್ಟಿರುವುದು ಅವುಗಳಿಗೆ ಕರೆಂಟ್ ಕೊಡುವ ಅಗ್ಗದ ಬಿಡಿಭಾಗಗಳು. ಅವು ಕೆಟ್ಟಿದ್ದಾಗ ಸ್ವಿಚ್ ಹಾಕಿದರೆ, ಈಗ ಸುಲಭವಾಗಿ ಸಿಗದ ಚಿಪ್ ಕೂಡ ಜೊತೆಗೆ ಹೋಗುತ್ತದೆ. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದೇ ಇಲ್ಲಿ ಮುಖ್ಯ.

ಯಾವ ಯಂತ್ರದ ಮಾತಿದು?

1980ರ ದಶಕದ ಹೋಮ್ ಕಂಪ್ಯೂಟರ್ ನೋಡಲು ದಪ್ಪ ಕೀಬೋರ್ಡಿನ ಹಾಗಿರುತ್ತದೆ. ಇಡೀ ಕಂಪ್ಯೂಟರ್ ಆ ಕೀಬೋರ್ಡಿನ ಒಳಗೇ ಇರುತ್ತದೆ. ಪರದೆಗೆ ಮನೆಯ ಟಿವಿ. ಪ್ರೋಗ್ರಾಂ ಉಳಿಸಿಡಲು ಹಾಡು ಕೇಳುವ ಟೇಪ್ ರೆಕಾರ್ಡರ್. ಹಾರ್ಡ್ ಡಿಸ್ಕ್ ಇಲ್ಲ. ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಒಂದು ಚಿಪ್‌ನಲ್ಲೇ ಕಾಯಂ ಕೂತಿರುತ್ತದೆ. ಅದಕ್ಕೇ ಸ್ವಿಚ್ ಹಾಕಿದ ಒಂದೆರಡು ಸೆಕೆಂಡಿಗೆ ಯಂತ್ರ ಸಿದ್ಧ.

ನಮ್ಮ ಕಡೆ ಸಿಗುವ ಸಾಧ್ಯತೆ ಇರುವವು ಕೆಲವೇ. ಒಂದು, ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಜೆಡ್‌ಎಕ್ಸ್ ಸ್ಪೆಕ್ಟ್ರಂ. 48 ಕೆಬಿ ಮೆಮೊರಿ, ಜೆಡ್80 ಪ್ರೊಸೆಸರ್. 1986ರಿಂದ ಡೆಸಿಬೆಲ್ಸ್ ಎಂಬ ಭಾರತದ ಕಂಪನಿ ಇದನ್ನೇ ಡಿಬಿ ಸ್ಪೆಕ್ಟ್ರಂ ಪ್ಲಸ್ ಹೆಸರಿನಲ್ಲಿ ಮಾರಿತು. ಇನ್ನೊಂದು, ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. 1984ರ ಸುಮಾರಿಗೆ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಪಾಠ ತಂದ 'ಕ್ಲಾಸ್' ಯೋಜನೆಯಲ್ಲಿ ಬಳಕೆಯಾಗಿದ್ದು ಇದೇ. ಶಾಲೆಗಳು ಆಮೇಲೆ ಹೊರಹಾಕಿದ ಯಂತ್ರಗಳು ಯಾರ್ಯಾರದೋ ಕೈ ಸೇರಿವೆ. ಮೂರನೆಯದು ಕಮೊಡೋರ್ 64. ಹೊರದೇಶದಲ್ಲಿದ್ದ ನೆಂಟರು ರಜೆಗೆ ಬಂದಾಗ ತಂದುಕೊಟ್ಟ ಪೆಟ್ಟಿಗೆಗಳಲ್ಲಿ ಇಂಥವು ಸಿಗುತ್ತವೆ.

ಇವಕ್ಕಿಂತ ಜಾಸ್ತಿ ಸಿಗುವುದು 1990ರ ದಶಕದ ಪಿಸಿಗಳು. ಒಳಗಿನ ಪ್ರೊಸೆಸರ್ ಪ್ರಕಾರ ಇವಕ್ಕೆ 286, 386, 486, ಪೆಂಟಿಯಂ ಎಂದು ಹೆಸರು. ಕಂಪ್ಯೂಟರ್ ಸೆಂಟರ್‌ಗಳಲ್ಲಿ ವರ್ಡ್‌ಸ್ಟಾರ್, ಡಿಬೇಸ್ ಕಲಿಸುತ್ತಿದ್ದ ಯಂತ್ರಗಳು ಇವು. ಲಗ್ನಪತ್ರಿಕೆ ಅಚ್ಚು ಮಾಡುವ ಪ್ರೆಸ್‌ಗಳಲ್ಲಿ ಡಿಟಿಪಿಗೆ ಇದ್ದದ್ದೂ ಇವೇ. ಒಳಗಿನ ಜೋಡಣೆ ಬೇರೆ, ಆದರೆ ಮುಪ್ಪಿನ ಕಾಯಿಲೆಗಳು ಹೆಚ್ಚುಕಡಿಮೆ ಒಂದೇ.

ಕಂಡೆನ್ಸರ್: ಎಲ್ಲಕ್ಕಿಂತ ಮೊದಲು ಸೊರಗುವ ಭಾಗ

ಗೋಡೆಯ ಸಾಕೆಟ್‌ನಿಂದ ಬರುವುದು 230 ವೋಲ್ಟಿನ ಎಸಿ ಕರೆಂಟ್. ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೊಯ್ದಾಡುತ್ತದೆ. ಚಿಪ್‌ಗಳಿಗೆ ಬೇಕಾದದ್ದು ಅಲುಗಾಡದ 5 ವೋಲ್ಟಿನ ಡಿಸಿ. ಎಸಿಯನ್ನು ಡಯೋಡ್‌ಗಳ ಮೂಲಕ ಹಾಯಿಸಿದರೆ ಒಂದೇ ದಿಕ್ಕಿಗೆ ಹರಿಯುತ್ತದೆ, ಆದರೆ ಅಲೆ ಅಲೆಯಾಗಿ ಬರುತ್ತದೆ. ಆ ಅಲೆಗಳನ್ನು ಸಮ ಮಾಡುವುದು ಕೆಪಾಸಿಟರ್. ರಿಪೇರಿ ಅಂಗಡಿಯಲ್ಲಿ ಕಂಡೆನ್ಸರ್ ಎಂದರೆ ಬೇಗ ತಿಳಿಯುತ್ತದೆ.

ವಿಜಯಪುರದ ಮನೆಗಳ ಮೇಲಿನ ನೀರಿನ ಟಾಕಿ ನೆನಪಿಸಿಕೊಳ್ಳಿ. ನಲ್ಲಿಗೆ ನೀರು ಬಿಡುವುದು ಯಾವಾಗಲೋ ಒಮ್ಮೆ. ಟಾಕಿ ತುಂಬಿಕೊಂಡಿದ್ದರೆ ಮನೆಯೊಳಗೆ ನೀರು ಒಂದೇ ಸಮ ಬರುತ್ತದೆ. ಟಾಕಿ ಅರ್ಧಕ್ಕರ್ಧ ಹೂಳು ತುಂಬಿದರೆ? ನೀರು ಬಿಟ್ಟಾಗ ಮಾತ್ರ ಧಾರೆ, ಉಳಿದ ಹೊತ್ತು ಬರೀ ಗಾಳಿ. ಕಂಡೆನ್ಸರ್ ಸೊರಗಿದಾಗ ಆಗುವುದೂ ಇದೇ. ವೋಲ್ಟೇಜ್ ಏರಿಳಿಯುತ್ತದೆ. ಪರದೆ ನಡುಗುತ್ತದೆ, ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಇಲ್ಲವೇ ಏಳುವುದೇ ಇಲ್ಲ.

ಯಾಕೆ ಸೊರಗುತ್ತದೆ? ಸಣ್ಣ ಡಬ್ಬಿಯಂತಿರುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗೆ ಒಂದು ದ್ರವ ಇರುತ್ತದೆ. ಕೆಳಗೆ ರಬ್ಬರ್ ಬಿರಡೆ. ವರ್ಷಗಳು ಕಳೆದಂತೆ ಆ ರಬ್ಬರ್ ಗಟ್ಟಿಯಾಗುತ್ತದೆ, ದ್ರವ ಮೆಲ್ಲಗೆ ಆರಿ ಹೋಗುತ್ತದೆ. ಕೆಲವು ಸಲ ಸೋರಿ ಬೋರ್ಡಿನ ಮೇಲೆ ಹರಡುತ್ತದೆ. ಶಾಖ ಜಾಸ್ತಿ ಇದ್ದಷ್ಟೂ ಇದು ಬೇಗ. ಪ್ರತಿ 10 ಡಿಗ್ರಿ ಶಾಖ ಏರಿದಾಗ ಕಂಡೆನ್ಸರ್ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಅಂದಾಜು ಲೆಕ್ಕ.

ಕಣ್ಣಿಗೆ ಕಾಣುವ ಗುರುತುಗಳಿವೆ. ತಲೆ ಉಬ್ಬಿರುತ್ತದೆ. ಬುಡದಲ್ಲಿ ಕಂದು ಬಣ್ಣದ ಅಂಟು. ಸೋರಿದ್ದರೆ ಬೋರ್ಡಿನಿಂದ ಮೀನಿನಂಥ ವಾಸನೆ ಬರುವುದೂ ಉಂಟು. ಆದರೆ ನೋಡಲು ಚೆನ್ನಾಗಿದ್ದೂ ಒಳಗೆ ಒಣಗಿರಬಹುದು. ಅದನ್ನು ಇಎಸ್‌ಆರ್ ಮೀಟರ್ ಎಂಬ ಸಣ್ಣ ಉಪಕರಣ ಹೇಳುತ್ತದೆ. ಟಿವಿ, ಇನ್ವರ್ಟರ್ ರಿಪೇರಿ ಮಾಡುವವರ ಬಳಿ ಕೇಳಿ ನೋಡಿ.

ಬದಲಾಯಿಸುವಾಗ ಮೂರು ವಿಷಯ ನೋಡಬೇಕು. ಮೈಕ್ರೋಫ್ಯಾರಡ್ ಸಂಖ್ಯೆ ಹಳೆಯದರಷ್ಟೇ ಇರಲಿ. ವೋಲ್ಟ್ ಸಂಖ್ಯೆ ಅಷ್ಟೇ ಇರಬೇಕು ಅಥವಾ ಸ್ವಲ್ಪ ಹೆಚ್ಚಿರಬಹುದು, ಕಡಿಮೆ ಮಾತ್ರ ಬೇಡ. ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್. ತಿರುಗುಮುರುಗು ಹಾಕಿದರೆ ಸಿಡಿಯುತ್ತದೆ. 85 ಡಿಗ್ರಿ ಮತ್ತು 105 ಡಿಗ್ರಿ ಎಂದು ಎರಡು ಬಗೆ ಸಿಗುತ್ತವೆ. ನಮ್ಮ ಬಿಸಿಲಿಗೆ 105ರದ್ದೇ ಸರಿ.

ಬೋರ್ಡಿನ ಮೇಲಿನ ಎಲ್ಲ ಕಂಡೆನ್ಸರ್‌ಗಳನ್ನೂ ಒಂದೇ ಸಲ ಕಿತ್ತು ಹೊಸದು ಹಾಕಬೇಕೇ? ಹಾಗೆ ಮಾಡುವವರು ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಳೆ ಬೋರ್ಡಿನ ತಾಮ್ರದ ಗೆರೆಗಳು ಬಹಳ ತೆಳು. ಪ್ರತಿ ಸಲ ಸೋಲ್ಡರ್ ಬಿಚ್ಚುವಾಗಲೂ ಗೆರೆ ಎದ್ದು ಬರುವ ಅಪಾಯ ಇದೆ. ಪವರ್ ಸಪ್ಲೈ ಒಳಗಿನವನ್ನು ಬದಲಾಯಿಸಿ, ಉಳಿದವನ್ನು ಅಳೆದು ನೋಡಿ, ಕೆಟ್ಟವನ್ನಷ್ಟೇ ತೆಗೆಯುವುದು ಯಂತ್ರಕ್ಕೆ ಒಳ್ಳೆಯದು.

ಪಟಾಕಿಯಂತೆ ಸಿಡಿಯುವ ಇನ್ನೊಂದು ಕಂಡೆನ್ಸರ್

ಬಿಬಿಸಿ ಮೈಕ್ರೋ ಮತ್ತು ಆ ಕಾಲದ ಹಲವು ಯಂತ್ರಗಳ ಪವರ್ ಸಪ್ಲೈನಲ್ಲಿ ಹಳದಿ ಗಾಜಿನಂತೆ ಹೊಳೆಯುವ ಚೌಕ ಕಂಡೆನ್ಸರ್ ಇರುತ್ತದೆ. ಮೇಲೆ ರಿಫಾ ಎಂಬ ಹೆಸರು. ಇದು ನೇರ 230 ವೋಲ್ಟಿನ ಮೇಲೆ ಕೂತು, ಯಂತ್ರದ ಎಲೆಕ್ಟ್ರಿಕ್ ಗದ್ದಲ ಮನೆಯ ವೈರಿಂಗ್‌ಗೆ ಹೋಗದಂತೆ ತಡೆಯುತ್ತದೆ. ಒಳಗೆ ಲೋಹ ಲೇಪಿಸಿದ ಕಾಗದ, ಹೊರಗೆ ಪಾರದರ್ಶಕ ಕವಚ. ಕಾಲ ಕಳೆದಂತೆ ಕವಚ ಬಿರುಕು ಬಿಡುತ್ತದೆ. ಬಿರುಕಿನಿಂದ ತೇವ ಒಳಗಿಳಿದು ಕಾಗದ ಹೀರಿಕೊಳ್ಳುತ್ತದೆ. ಆಮೇಲೆ ಕರೆಂಟ್ ಕೊಟ್ಟರೆ ಕೆಲವು ನಿಮಿಷಗಳಲ್ಲೇ ಡಬ್ ಎಂದು ಸಿಡಿದು ಕೋಣೆ ತುಂಬ ದಟ್ಟ ಹೊಗೆ. ಕಂಪ್ಯೂಟರ್ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ, ಮನೆಯವರು ಮಾತ್ರ ಗಾಬರಿಯಾಗುತ್ತಾರೆ.

ಮೈಮೇಲೆ ಸಣ್ಣ ಗೆರೆಗಳಂಥ ಬಿರುಕು ಕಂಡರೆ ಪರೀಕ್ಷೆ ಮಾಡುವುದೇ ಬೇಡ. ತೆಗೆದುಹಾಕಿ ಅದೇ ಸಂಖ್ಯೆಯ ಎಕ್ಸ್2 ದರ್ಜೆಯ ಪಾಲಿಪ್ರೊಪಿಲೀನ್ ಕಂಡೆನ್ಸರ್ ಹಾಕಿಸಿ. ಎಕ್ಸ್2 ಎಂಬ ಗುರುತು ಕಡ್ಡಾಯ. ನೇರ ಮೇನ್ಸ್‌ಗೆ ಕೂರಲು ಯೋಗ್ಯವಾದದ್ದು ಎಂದು ಅದರ ಅರ್ಥ.

ಬ್ಯಾಟರಿ: 286, 386 ಇದ್ದವರು ಇದನ್ನೇ ಮೊದಲು ನೋಡಿ

ಸ್ಪೆಕ್ಟ್ರಂ, ಕಮೊಡೋರ್ 64 ಮತ್ತು ಬಿಬಿಸಿ ಮಾಡೆಲ್ ಬಿಯಲ್ಲಿ ಬ್ಯಾಟರಿ ಇಲ್ಲ. ಆ ಮಟ್ಟಿಗೆ ಅವು ಪುಣ್ಯವಂತ ಯಂತ್ರಗಳು. 286, 386 ಮತ್ತು ಆರಂಭದ 486 ಮದರ್‌ಬೋರ್ಡ್‌ಗಳಲ್ಲಿ ಬೆರಳಿನ ಗಾತ್ರದ 3.6 ವೋಲ್ಟ್ ಬ್ಯಾಟರಿಯನ್ನು ನೇರ ಬೋರ್ಡಿಗೇ ಸೋಲ್ಡರ್ ಮಾಡಿರುತ್ತಾರೆ. ಯಂತ್ರ ಬಂದ್ ಇದ್ದಾಗಲೂ ಗಡಿಯಾರ ಮತ್ತು ಸೆಟಪ್ ಮಾಹಿತಿ ಉಳಿಯಲು ಅದು ಬೇಕಿತ್ತು. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಬಳಸದೆ ಬಿಟ್ಟರೆ ಸೋರುತ್ತದೆ.

ಸೋರುವ ದ್ರವ ಕ್ಷಾರ. ಅದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಬೋರ್ಡಿನ ಮೇಲಿನ ಹಸಿರು ಲೇಪದ ಅಡಿಯಲ್ಲೇ ಹರಿದು ದೂರದ ಚಿಪ್‌ನ ಕಾಲುಗಳನ್ನೂ ತಲುಪುತ್ತದೆ. ಹಸಿರು ಅಥವಾ ನೀಲಿ ಬಣ್ಣದ ಪುಡಿಪುಡಿ ಪದರ ಕಂಡರೆ ಅದು ಇದೇ. ಯಂತ್ರ ಪೆಟ್ಟಿಗೆಯಲ್ಲಿ ಸುಮ್ಮನೆ ಇದ್ದಾಗಲೂ ತಿನ್ನುವ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಬೇರೆ ಯಾವ ರಿಪೇರಿಗೂ ಪುರುಸೊತ್ತಿಲ್ಲದಿದ್ದರೂ ಈ ಬ್ಯಾಟರಿಯೊಂದನ್ನು ಕಟ್ಟರ್‌ನಿಂದ ಕತ್ತರಿಸಿ ತೆಗೆಯಿರಿ. ಸೆಟಪ್ ಮಾಹಿತಿ ಅಳಿಸಿಹೋಗುತ್ತದಲ್ಲ ಎಂಬ ಚಿಂತೆ ಬೇಡ. ಇಷ್ಟು ವರ್ಷಕ್ಕೆ ಅದು ಹೇಗೂ ಅಳಿಸಿರುತ್ತದೆ. ಹಾರ್ಡ್ ಡಿಸ್ಕ್ ಮೈಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳು ಇದ್ದರೆ ಬರೆದಿಟ್ಟುಕೊಳ್ಳಿ, ಮುಂದೆ ಸೆಟಪ್‌ನಲ್ಲಿ ತುಂಬಬೇಕಾಗುತ್ತದೆ.

ಸೋರಿದ ಜಾಗ ತೊಳೆಯುವ ಕ್ರಮ ಹೀಗಿದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಹತ್ತಿಯಿಂದ ಆ ಜಾಗಕ್ಕಷ್ಟೇ ಹಚ್ಚಿ. ವಿನೆಗರ್ ಆಮ್ಲ, ಕ್ಷಾರವನ್ನು ಕೊಲ್ಲುತ್ತದೆ. ಬುರುಗು ನಿಂತ ಮೇಲೆ ಡಿಸ್ಟಿಲ್ಡ್ ವಾಟರ್‌ನಿಂದ ಚೆನ್ನಾಗಿ ತೊಳೆಯಿರಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರೇ ಅದು, ಯಾವ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ವಿನೆಗರ್ ಉಳಿದರೆ ಅದೇ ಬೋರ್ಡನ್ನು ತಿನ್ನುತ್ತದೆ, ಆದ್ದರಿಂದ ಈ ತೊಳೆಯುವಿಕೆ ಬಿಡಬಾರದು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವುದು ಇದನ್ನೇ. ಆಮೇಲೆ ಫ್ಯಾನಿನ ಗಾಳಿಗೆ ಒಂದೆರಡು ದಿನ ಒಣಗಲಿ. ಒಣಗಿದ ಮೇಲೆ ಮಲ್ಟಿಮೀಟರಿನ ಬೀಪ್ ಇಟ್ಟು ಪ್ರತಿ ಗೆರೆಯನ್ನೂ ನೋಡಬೇಕು. ತುಂಡಾದ ಗೆರೆಗೆ ತೆಳು ತಂತಿ ಹಾಕಿ ಕೂಡಿಸಬಹುದು.

ಪೆಂಟಿಯಂ ಕಾಲದ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬಿಲ್ಲೆಯಂಥ ಸಿಆರ್2032 ಬ್ಯಾಟರಿ. ಅದು ಸೋರುವುದು ಕಡಿಮೆ. ಹೊಸದು ಹಾಕಿದರೆ ಮುಗಿಯಿತು.

ಊರಿನ ಹವೆಗೆ ತಕ್ಕ ಕಾಯಿಲೆ

ಮೂರೂ ಊರುಗಳ ಯಂತ್ರಗಳನ್ನು ಒಂದೇ ರೀತಿ ನೋಡಿದರೆ ಆಗುವುದಿಲ್ಲ. ಬೆಳಗಾವಿ ಸಹ್ಯಾದ್ರಿಯ ಮಗ್ಗುಲಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದಂಥ ತೇವ. ಅಲ್ಲಿನ ಯಂತ್ರಗಳಲ್ಲಿ ತುಕ್ಕು, ಫ್ಲಾಪಿ ಮತ್ತು ಕ್ಯಾಸೆಟ್ ಮೇಲೆ ಬೂಸ್ಟು, ಸಾಕೆಟ್‌ಗಳಲ್ಲಿ ಕಿಲುಬು ಜಾಸ್ತಿ. ರಿಫಾ ಕಂಡೆನ್ಸರ್ ನೀರು ಕುಡಿಯುವುದೂ ಅಲ್ಲೇ. ಉದ್ಯಮಬಾಗದ ಫೌಂಡ್ರಿಗಳ ಆಸುಪಾಸಿನಲ್ಲಿ ಇದ್ದ ಯಂತ್ರವಾದರೆ ಧೂಳಿನಲ್ಲಿ ಕಬ್ಬಿಣದ ಪುಡಿ ಇರಬಹುದು. ಅದು ಕರೆಂಟ್ ಹರಿಸುವ ಧೂಳು. ಎರಡು ಗೆರೆಗಳ ನಡುವೆ ಕೂತರೆ ಶಾರ್ಟ್. ಅಂಥ ಬೋರ್ಡಿನ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಇಂಚಿಂಚೂ ಬಿಡದೆ ತೆಗೆಯಬೇಕು.

ವಿಜಯಪುರದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡು ಅಥವಾ ಆರ್‌ಸಿಸಿ ಛಾವಣಿಯ ಅಡಿಯ ಅಟ್ಟದಲ್ಲಿ ಇನ್ನೂ ಬಿಸಿ. ಅಲ್ಲಿ ಕಂಡೆನ್ಸರ್ ಬೇಗ ಒಣಗುತ್ತದೆ, ರಬ್ಬರ್ ಬೆಲ್ಟ್‌ಗಳು ಅಂಟಾಗುತ್ತವೆ ಇಲ್ಲವೇ ಸೀಳುತ್ತವೆ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಬಾಗಲಕೋಟೆಯಲ್ಲೂ ಹೆಚ್ಚುಕಡಿಮೆ ಇದೇ ಪಾಡು, ಜೊತೆಗೆ ಸುಣ್ಣಕಲ್ಲಿನ ಸೀಮೆಯ ನಯವಾದ ಧೂಳು. ಒಣ ಹವೆಯ ಇನ್ನೊಂದು ಅಪಾಯ ಸ್ಥಾಯಿ ವಿದ್ಯುತ್. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುತ್ತದಲ್ಲ, ಅದೇ. ನಮ್ಮ ಬೆರಳಿಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಹಳೆ ಮೆಮೊರಿ ಚಿಪ್ ಕೊಲ್ಲಬಲ್ಲದು. ಬೋರ್ಡ್ ಮುಟ್ಟುವ ಮುನ್ನ ಅರ್ಥಿಂಗ್ ಇರುವ ಯಾವುದಾದರೂ ಲೋಹದ ಮೈ ಮುಟ್ಟಿ. ನೈಲಾನ್ ಬಟ್ಟೆ, ಕಾರ್ಪೆಟ್ ಬೇಡ.

ಎಲ್ಲ ಊರಿಗೂ ಸೇರಿದ್ದು ಇರುವೆ, ಜಿರಲೆ, ಹಲ್ಲಿ. ಪೆಟ್ಟಿಗೆ ಬಿಚ್ಚಿದಾಗ ಗೂಡು ಸಿಕ್ಕರೆ ಆಶ್ಚರ್ಯವಿಲ್ಲ. ಜೋರು ಬ್ಲೋಯರ್ ಹಿಡಿಯುವ ಮುಂಚೆ ಬ್ರಷ್‌ನಿಂದ ಸಡಿಲಿಸಿ. ಇಲಿ ಉಚ್ಚೆ ಹೊಯ್ದ ಜಾಗವನ್ನೂ ತೊಳೆದು ಒಣಗಿಸಬೇಕು, ಅದೂ ತಾಮ್ರ ತಿನ್ನುತ್ತದೆ. ಥಿನ್ನರ್, ಪೆಟ್ರೋಲ್ ಬಳಸಬೇಡಿ. ಅವು ಪ್ಲಾಸ್ಟಿಕ್ ಕರಗಿಸಿ ಅಕ್ಷರಗಳನ್ನು ಅಳಿಸುತ್ತವೆ.

ಮೊದಲ ಸಲ ಕರೆಂಟ್ ಕೊಡುವುದು ಹೇಗೆ

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಪಿಸಿಯ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಪೆಟ್ಟಿಗೆಯ ಒಳಗಿನ ದೊಡ್ಡ ಕಂಡೆನ್ಸರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಅದು ಪ್ರಾಣಕ್ಕೆ ಅಪಾಯ. ಹಳೆ ಟಿವಿ, ಮಾನಿಟರಿನ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಗಟ್ಟಲೆ ವೋಲ್ಟ್. ಬಣ್ಣದ ಟ್ಯೂಬ್ ಆದರೆ 20 ಸಾವಿರದ ಮೇಲೆ. ಇವೆರಡರ ಮುಚ್ಚಳ ಬಿಚ್ಚುವ ಕೆಲಸ ಅನುಭವಿ ಟಿವಿ ಮೆಕ್ಯಾನಿಕ್‌ಗೆ ಬಿಡಿ. ಕಂಪ್ಯೂಟರ್ ಬೋರ್ಡಿನ ಮೇಲೆ ಇರುವುದು ಸುಮಾರು 5ರಿಂದ 12 ವೋಲ್ಟ್ ಮಾತ್ರ. ಅದನ್ನು ಮನೆಯಲ್ಲೇ ನೋಡಬಹುದು.

ಎಲೆಕ್ಟ್ರಿಷಿಯನ್‌ಗಳ ಹತ್ತಿರ ಸೀರೀಸ್ ಲ್ಯಾಂಪ್ ಇರುತ್ತದೆ. ಫೇಸ್ ವೈರಿನ ನಡುವೆ 60 ಅಥವಾ 100 ವ್ಯಾಟಿನ ಹಳೆ ಕಾಲದ ಫಿಲಮೆಂಟ್ ಬಲ್ಬ್ ಸೇರಿಸಿದ ಬೋರ್ಡ್ ಅದು. ಹಳೆ ಪವರ್ ಸಪ್ಲೈ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅಗ್ಗದ ಸಾಧನ ಇಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. ಕರೆಂಟಿನ ಹೊಡೆತ ಬಲ್ಬ್ ತಾಳಿಕೊಳ್ಳುತ್ತದೆ, ಯಂತ್ರ ಸುಡುವುದಿಲ್ಲ. ಎಲ್ಲ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬ್‌ನಿಂದ ಈ ಕೆಲಸ ಆಗುವುದಿಲ್ಲ.

ಪವರ್ ಸಪ್ಲೈಯನ್ನು ಕಂಪ್ಯೂಟರಿಗೆ ಜೋಡಿಸದೆ ಮೊದಲು ಅದೊಂದನ್ನೇ ಅಳೆಯಿರಿ. ಇಲ್ಲಿ ಯಂತ್ರಕ್ಕೊಂದು ವಿಶೇಷ ಇದೆ.

ಸ್ಪೆಕ್ಟ್ರಂಗೆ 9 ವೋಲ್ಟ್ ಅಡಾಪ್ಟರ್. ಅದರ ಪಿನ್ನಿನ ಒಳಭಾಗ ಮೈನಸ್. ಇಂದಿನ ಬಹುತೇಕ ಅಡಾಪ್ಟರ್‌ಗಳಲ್ಲಿ ಒಳಭಾಗ ಪ್ಲಸ್. ಮನೆಯಲ್ಲಿರುವ ಯಾವುದೋ ಅಡಾಪ್ಟರ್ ಸರಿಯಾಗಿ ಕೂರುತ್ತದೆ ಎಂದು ಚುಚ್ಚಿದರೆ ಬೋರ್ಡ್ ಹೋದಂತೆಯೇ. ಅಸಲಿ ಅಡಾಪ್ಟರ್ ಅನ್ನು ಬಿಡಿಯಾಗಿ ಅಳೆದಾಗ 9ಕ್ಕಿಂತ ಜಾಸ್ತಿ, 12ರ ಮೇಲೂ ತೋರಿಸಬಹುದು. ಅದು ದೋಷವಲ್ಲ, ಯಂತ್ರ ಜೋಡಿಸಿದ ಮೇಲೆ ಇಳಿಯುತ್ತದೆ.

ಕಮೊಡೋರ್ 64ರದ್ದು ತದ್ವಿರುದ್ಧ. ಅದರ ಅಡಾಪ್ಟರ್ ಒಳಗೇ 5 ವೋಲ್ಟ್ ಮಾಡುವ ರೆಗ್ಯುಲೇಟರ್ ಇದೆ, ಎಲ್ಲವನ್ನೂ ಅಂಟಿನಲ್ಲಿ ಮುಳುಗಿಸಿ ಮುಚ್ಚಿದ್ದಾರೆ. ಬಿಸಿಯಾಗಿ ಆಗಿ ರೆಗ್ಯುಲೇಟರ್ ಕೆಡುತ್ತದೆ. ಕೆಟ್ಟಾಗ ವೋಲ್ಟೇಜ್ ಏರಿ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. 5.25ಕ್ಕಿಂತ ಮೇಲೆ ತೋರಿಸಿದರೆ ಆ ಅಡಾಪ್ಟರ್ ಬಳಸಬೇಡಿ. ಇವತ್ತು ಸರಿ ತೋರಿಸಿದರೂ ನಾಳೆ ಕೆಡಬಹುದಾದ್ದರಿಂದ ಹೊಸ ಅಡಾಪ್ಟರ್ ಮಾಡಿಸುವುದೇ ಜಾಣತನ.

ಹಳೆ ಪಿಸಿಗಳ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಎರಡು ಪ್ರತ್ಯೇಕ ಕನೆಕ್ಟರ್ ಬರುತ್ತವೆ. ಎರಡರ ಕಪ್ಪು ವೈರುಗಳೂ ನಡುವೆ ಒಟ್ಟಿಗೆ ಬರುವಂತೆ ಕೂರಿಸಬೇಕು. ಅದಲುಬದಲು ಆದರೆ ಬೋರ್ಡ್ ಸುಡುತ್ತದೆ. ಈ ಎಸ್‌ಎಂಪಿಎಸ್‌ಗಳು ಹೊರೆ ಇಲ್ಲದೆ ಶುರುವಾಗದೆಯೂ ಇರಬಹುದು. ಬೇಡವಾದ ಹಳೆ ಹಾರ್ಡ್ ಡಿಸ್ಕ್ ಒಂದನ್ನು ಜೋಡಿಸಿ ಅಳೆಯುತ್ತಾರೆ. ಕೆಂಪು ವೈರಿನಲ್ಲಿ 4.75ರಿಂದ 5.25ರ ಒಳಗೆ ಇದ್ದರೆ ಸರಿ.

ಅಳತೆ ಸರಿ ಬಂದ ಮೇಲೆ ಯಂತ್ರಕ್ಕೆ ಜೋಡಿಸಿ. ಆರೋಗ್ಯವಾಗಿದ್ದರೆ ಅದೇ ಹೇಳುತ್ತದೆ. ಸ್ಪೆಕ್ಟ್ರಂ ಬಿಳಿ ಪರದೆಯ ಕೆಳಗೆ 1982ರ ಸಿಂಕ್ಲೇರ್ ರಿಸರ್ಚ್ ಎಂಬ ಸಾಲು ತೋರಿಸುತ್ತದೆ. ಕಮೊಡೋರ್‌ನ ನೀಲಿ ಪರದೆಯಲ್ಲಿ 38911 ಬೈಟ್ ಖಾಲಿ ಇದೆ ಎಂದು ಬರುತ್ತದೆ. ಬಿಬಿಸಿ ಮೈಕ್ರೋ ಎರಡು ಸ್ವರದಲ್ಲಿ ಕೂಗುತ್ತದೆ. ಒಂದೇ ಸ್ವರ ನಿಲ್ಲದೆ ಬಂದರೆ ಒಳಗೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಪಿಸಿಗಳಲ್ಲಿ ಬಹುಪಾಲು ಒಂದು ಸಣ್ಣ ಬೀಪ್ ಒಳ್ಳೆಯ ಸುದ್ದಿ.

ಏಳದಿದ್ದರೆ

ಚಿಪ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಸಾಕೆಟ್ ನೋಡಿ. ಹಳೆ ಬೋರ್ಡ್‌ಗಳಲ್ಲಿ ಅನೇಕ ಚಿಪ್‌ಗಳು ಸಾಕೆಟ್‌ನಲ್ಲಿ ಕೂತಿರುತ್ತವೆ. ಶಾಖಕ್ಕೆ ಹಿಗ್ಗಿ ಕುಗ್ಗಿ ಅವು ಮೆಲ್ಲಗೆ ಮೇಲೆದ್ದಿರುತ್ತವೆ, ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ. ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ, ಕಾಲುಗಳನ್ನು ಐಪಿಎಯಿಂದ ಒರೆಸಿ, ಮತ್ತೆ ಅದೇ ದಿಕ್ಕಿನಲ್ಲಿ ಒತ್ತಿ. ಚಿಪ್‌ನ ಒಂದು ತುದಿಯ ಅರ್ಧಚಂದ್ರದ ಕಚ್ಚು ಯಾವ ಕಡೆ ಇತ್ತು ಎಂದು ಮೊದಲೇ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಎಷ್ಟೋ 'ಸತ್ತ' ಯಂತ್ರಗಳು ಇಷ್ಟರಲ್ಲೇ ಎದ್ದು ಕೂರುತ್ತವೆ. ಪಿಸಿಯ ಕಾರ್ಡ್‌ಗಳಿಗೂ, ಮೆಮೊರಿಗೂ ಇದೇ ಉಪಾಯ. ಕಾರ್ಡಿನ ಬಂಗಾರದ ಹಲ್ಲುಗಳನ್ನು ಮೆತ್ತನೆಯ ರಬ್ಬರ್‌ನಿಂದ ಉಜ್ಜಿ ಪುಡಿ ಒರೆಸಿ.

ಕೆಲವು ಚಿಪ್‌ಗಳ ಮೇಲೆ ಗಾಜಿನ ಕಿಟಕಿ ಇರುತ್ತದೆ, ಅದರ ಮೇಲೊಂದು ಚೀಟಿ ಅಂಟಿಸಿರುತ್ತಾರೆ. ಇವು ಈಪ್ರಾಮ್‌ಗಳು. ಒಳಗಿನ ಪ್ರೋಗ್ರಾಂ ಅಳಿಸಲು ಆ ಕಿಟಕಿಯ ಮೂಲಕ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತಾರೆ. ನಮ್ಮ ಬಿಸಿಲಿನಲ್ಲೂ ಆ ಕಿರಣ ಇದೆ. ಕೊಳೆಯಾಗಿದೆ ಎಂದು ಚೀಟಿ ಕೀಳಬೇಡಿ.

ಸ್ಪೆಕ್ಟ್ರಂ ಏಳುತ್ತದೆ ಆದರೆ ಕೀ ಒತ್ತಿದರೆ ಅಕ್ಷರ ಮೂಡುವುದಿಲ್ಲ ಎಂದರೆ ಕೀಬೋರ್ಡಿನ ಅಡಿಯ ಪ್ಲಾಸ್ಟಿಕ್ ಹಾಳೆ ಕಾರಣ. ಅದರ ಬಾಲದಂಥ ಪಟ್ಟಿ ಪೆಡಸಾಗಿ ಬಿರಿದಿರುತ್ತದೆ. ಮೇಲಿನ ಮುಚ್ಚಳ ಜೋರಾಗಿ ಎತ್ತಿದರೂ ಅದು ಹರಿಯುತ್ತದೆ. ಹೊಸದಾಗಿ ತಯಾರಿಸಿದ ಹಾಳೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ.

ಟಿವಿ ಜೋಡಣೆ ಸುಲಭ. ಬ್ರಿಟನ್ನಿನದೂ ನಮ್ಮದೂ ಒಂದೇ ಪಾಲ್ ಬಣ್ಣದ ಪದ್ಧತಿ. ಆಂಟೆನಾ ಕಿಂಡಿಯ ಮೂಲಕ ಬರುವ ಚಿತ್ರ ಮಂಜಾಗಿರುತ್ತದೆ. ಬಿಡಿ ಎವಿ ವೈರ್ ಎಳೆದುಕೊಂಡರೆ ಚೆನ್ನ.

ಕ್ಯಾಸೆಟ್, ಫ್ಲಾಪಿ ಮತ್ತು ಹಳೆ ಕನ್ನಡ ಫೈಲುಗಳು

ಭಜನೆ, ನಾಟಕದ ಕ್ಯಾಸೆಟ್ ಕೇಳುತ್ತಿದ್ದವರಿಗೆ ಟೇಪ್ ಹೆಡ್ ಒರೆಸುವುದು ಗೊತ್ತೇ ಇದೆ. ಇಲ್ಲೂ ಅದೇ. ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ, ಧ್ವನಿ ಅತ್ಯಂತ ಚುರುಕಾಗಿ ಕೇಳುವ ಜಾಗಕ್ಕೆ ತಂದರೆ ಪ್ರೋಗ್ರಾಂ ಲೋಡ್ ಆಗುತ್ತದೆ. ಸ್ಪೆಕ್ಟ್ರಂಗೆ ಬೇಕಾದದ್ದು ಬರೀ ಧ್ವನಿ. ಹಾಗಾಗಿ ಮೊಬೈಲ್‌ನಿಂದ ಹೆಡ್‌ಫೋನ್ ವೈರ್ ಮೂಲಕ ವಾಲ್ಯೂಮ್ ಜೋರಾಗಿಟ್ಟು ಕೊಟ್ಟರೂ ನಡೆಯುತ್ತದೆ.

ಬೂಸ್ಟು ಹಿಡಿದ ಫ್ಲಾಪಿಯನ್ನು ಹಾಗೇ ಡ್ರೈವ್‌ಗೆ ತೂರಿಸಬೇಡಿ. ಬೂಸ್ಟು ಹೆಡ್‌ಗೆ ಅಂಟಿ, ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಗಳನ್ನೂ ಗೀರುತ್ತದೆ.

ಹಳೆ ಪ್ರೆಸ್, ಸಂಘ, ಪತ್ರಿಕೆಗಳ ಪಿಸಿಗಳ ವಿಷಯದಲ್ಲಿ ಯಂತ್ರಕ್ಕಿಂತ ಬೆಲೆಬಾಳುವುದು ಹಾರ್ಡ್ ಡಿಸ್ಕ್. ಅದರಲ್ಲಿ ಕವನ ಸಂಕಲನ, ಜಾತ್ರೆಯ ಸ್ಮರಣ ಸಂಚಿಕೆ, ಊರಿನ ಇತಿಹಾಸ ಇರಬಹುದು, ಅಲ್ವಾ? ಡಿಸ್ಕ್ ಎಷ್ಟು ಸಲ ಎದ್ದೀತು ಎಂದು ಹೇಳಲಾಗದು. ಎದ್ದ ಮೊದಲ ಸಲವೇ ಪೂರ್ತಿ ನಕಲು ತೆಗೆಯಿರಿ. ಐಡಿಇ ಎಂಬ, 40 ಪಿನ್ನಿನ ಒಂದೇ ಪಟ್ಟಿ ಕೇಬಲ್ ಕೂರುವ ಬಗೆಯದಾದರೆ ಯುಎಸ್‌ಬಿ ಅಡಾಪ್ಟರ್ ಹಾಕಿ ಇಂದಿನ ಲ್ಯಾಪ್‌ಟಾಪ್‌ಗೇ ಜೋಡಿಸಬಹುದು. ಇನ್ನೂ ಹಳೆಯ, 20 ಎಂಬಿಯಂಥ ಡಿಸ್ಕ್‌ಗಳಾದರೆ ಅವುಗಳ ಜೊತೆಗಿದ್ದ ಕಂಟ್ರೋಲರ್ ಕಾರ್ಡ್ ಬೇಕೇ ಬೇಕು. ಅದನ್ನು ಬೇರೆ ಮಾಡಬೇಡಿ.

ನಕಲು ತೆಗೆದ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಬಹುದು. ಫೈಲ್ ಹಾಳಾಗಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮುಂಚೆ ಶ್ರೀಲಿಪಿ, ಬರಹ, ನುಡಿಯಂಥ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಇಟ್ಟಿದ್ದವು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಅದೇ ಡಿಸ್ಕ್‌ನ ಫಾಂಟ್ ಫೋಲ್ಡರನ್ನೂ ನಕಲಿಸಿಕೊಳ್ಳಿ. ನುಡಿ, ಬರಹದ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಬಿಡಿಭಾಗ, ಹಳದಿ ಬಣ್ಣ, ಇಡುವ ಜಾಗ

ಕಂಡೆನ್ಸರ್, ರೆಗ್ಯುಲೇಟರ್, ಸಾಮಾನ್ಯ ಐಸಿಗಳು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಮುಂಬೈಯ ಲ್ಯಾಮಿಂಗ್ಟನ್ ರೋಡ್‌ನಲ್ಲೋ ಈಗಲೂ ಸಿಗುತ್ತವೆ. ಅಸಲಿ ಜೆಡ್80 ಪ್ರೊಸೆಸರ್ ತಯಾರಿಕೆ ನಿಲ್ಲಿಸುವುದಾಗಿ ಜಿಲಾಗ್ ಕಂಪನಿ 2024ರಲ್ಲಿ ಹೇಳಿತು, ಆದರೆ ಹಳೆ ದಾಸ್ತಾನು ಬೇಕಾದಷ್ಟಿದೆ. ಕಷ್ಟ ಇರುವುದು ಆಯಾ ಕಂಪನಿ ತನಗಾಗಿಯೇ ಮಾಡಿಸಿದ ಚಿಪ್‌ಗಳದ್ದು. ಸ್ಪೆಕ್ಟ್ರಂನಲ್ಲಿ ಪರದೆಯ ಚಿತ್ರ ಮೂಡಿಸುವ ಯುಎಲ್‌ಎ ಚಿಪ್, ಕಮೊಡೋರ್‌ನ ಸಂಗೀತದ ಸಿಡ್ ಚಿಪ್ ಅಂಥವು. ಇನ್ನೊಂದು ಕೆಟ್ಟ ಯಂತ್ರದಿಂದ ತೆಗೆಯಬೇಕು, ಇಲ್ಲವೇ ಈಗಿನವರು ಮಾಡಿದ ಬದಲಿ ಹಾಕಬೇಕು. ಇದೇ ಕಾರಣಕ್ಕೆ ಪೂರ್ತಿ ಕೆಟ್ಟ ಬೋರ್ಡನ್ನೂ ಗುಜರಿಗೆ ಹಾಕಬೇಡಿ.

ಬೂದು ಪ್ಲಾಸ್ಟಿಕ್ ಹಳದಿಯಾಗುವುದಕ್ಕೆ ಬೆಳಕು, ಶಾಖ ಮತ್ತು ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಂತೆ ಬೆರೆಸಿದ ಬ್ರೋಮಿನ್ ರಾಸಾಯನಿಕ ಕಾರಣ ಎನ್ನುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಣ್ಣ ತಿಳಿಯಾಗುತ್ತದೆ. ಆದರೆ ಅದು ಕೈ ಸುಡುವ ವಸ್ತು, ಲೇಪ ಸಮನಾಗಿರದಿದ್ದರೆ ಪಟ್ಟೆ ಬೀಳುತ್ತದೆ, ಹಳದಿ ಮತ್ತೆ ಬರುವುದೂ ಉಂಟು. ಸೋಪಿನ ನೀರಲ್ಲಿ ತೊಳೆದು ಬಿಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ.

ರಿಪೇರಿಯಾದ ಯಂತ್ರವನ್ನು ಮತ್ತೆ ಅಟ್ಟಕ್ಕೆ ಏರಿಸಬೇಡಿ. ಮನೆಯೊಳಗಿನ ಕಪಾಟಿನ ನಡು ಹಲಗೆ ಒಳ್ಳೆಯ ಜಾಗ. ಛಾವಣಿಯ ಬಿಸಿಯೂ ಇಲ್ಲ, ನೆಲದ ತೇವವೂ ಇಲ್ಲ. ಪ್ಲಾಸ್ಟಿಕ್ ಕವರ್ ಬೇಡ, ಅದರೊಳಗೆ ಬೆವರು ಕಟ್ಟುತ್ತದೆ. ಹಳೆ ಕಾಟನ್ ಸೀರೆಯ ತುಂಡು ಹೊದಿಸಿ. ಬೆಳಗಾವಿಯವರು ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ. ಕೆಲವು ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿದರೆ ಕಂಡೆನ್ಸರ್‌ಗಳಿಗೂ ಒಳ್ಳೆಯದು. ಸ್ಟೆಬಿಲೈಸರ್ ಮೂಲಕವೇ ಕರೆಂಟ್ ಕೊಡಿ, ಗುಡುಗು ಮಿಂಚಿನ ಹೊತ್ತಲ್ಲಿ ಪ್ಲಗ್ ಕಿತ್ತಿಡಿ. ಯಾವ ಭಾಗ ಬದಲಾಯಿತು, ಯಾವ ತಾರೀಕಿಗೆ, ಅಡಾಪ್ಟರಿನ ಪ್ಲಸ್ ಯಾವ ಕಡೆ ಎಂದು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಬಿಚ್ಚುವವರಿಗೆ ಅರ್ಧ ಕೆಲಸ ಉಳಿಯುತ್ತದೆ.